ಬಲಗಡೆಯ ಮೀಟರ್ ನೋಡಿ

ಬೆಂಗಳೂರಿನ ಸಣ್ಣಪುಟ್ಟ ಉಪಗ್ರಹ ಕಂಪನಿಗಳಿಗೆ ಕಕ್ಷೆಯ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಬರುವವರು ಹೆಚ್ಚಾಗಿ ಚಿಕ್ಕ ವಯಸ್ಸಿನ ಹುಡುಗ ಹುಡುಗಿಯರು. ಅವರ ಹುರುಪು ನನಗೆ ತುಂಬ ಇಷ್ಟ. ಆದರೆ ಬಂದವರೆಲ್ಲ ಒಂದೇ ಪ್ರಶ್ನೆ ಹೊತ್ತು ತರುತ್ತಾರೆ: "ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ಟಿನ ಕೆಳಹಂತ ವಾಪಸ್ ಬರುತ್ತೆ. ಮೇಲ್ಹಂತವನ್ನೂ ಹಾಗೇ ಇಳಿಸಿಬಿಟ್ಟರೆ ಉಡಾವಣೆ ಪುಕ್ಕಟೆ ಆಗಲ್ವಾ?" ಕೆಲವರು ಆ ಬೆಲೆಯನ್ನು ಬಿಸಿನೆಸ್ ಪ್ಲಾನ್‌ನಲ್ಲಿ ಬರೆದುಕೊಂಡೇ ಬಂದಿರುತ್ತಾರೆ.

ಇಲ್ಲ, ಆಗಲ್ಲ. ಯಾಕೆ ಅಂತ ಇವತ್ತು ಸಾವಧಾನವಾಗಿ ಹೇಳುತ್ತೇನೆ.

ಫಾಲ್ಕನ್ 9 ಹೊತ್ತೊಯ್ಯುವ ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳ ಉಡಾವಣೆಯ ನೇರ ಪ್ರಸಾರದಲ್ಲಿ ಪರದೆಯ ಕೆಳಗೆ ವೇಗದ ಎರಡು ಮೀಟರ್ ಇರುತ್ತವೆ. ಎಡಗಡೆಯದು ಕೆಳಹಂತದ ವೇಗ, ಬಲಗಡೆಯದು ಮೇಲ್ಹಂತದ್ದು. ಸುಮಾರು ಎರಡೂವರೆ ನಿಮಿಷಕ್ಕೆ ಎರಡೂ ಹಂತಗಳು ಬೇರೆಯಾಗುತ್ತವೆ. ಆಗ ಎತ್ತರ 65-70 ಕಿ.ಮೀ., ವೇಗ ಗಂಟೆಗೆ ಹೆಚ್ಚುಕಡಿಮೆ 8,000 ಕಿ.ಮೀ. ಒಂದೊಂದು ಉಡಾವಣೆಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಇದನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ. ಅಲ್ಲಿಂದ ಎಲ್ಲರ ಕಣ್ಣೂ ಎಡಗಡೆಗೆ ಹೋಗುತ್ತದೆ. ಬೆಂಕಿ ಉಗುಳುತ್ತ ಕೆಳಹಂತ ಹಡಗಿನ ಮೇಲೆ ಬಂದು ನಿಲ್ಲುವುದು ನೋಡಲು ಚೆಂದವೇ. ಅಷ್ಟರಲ್ಲಿ ಬಲಗಡೆಯ ಮೀಟರ್ ಏರುತ್ತಾ ಹೋಗಿ 27,000 ದಾಟಿರುತ್ತದೆ. ಅದನ್ನು ಯಾರೂ ನೋಡಿರುವುದಿಲ್ಲ.

ಬಾಹ್ಯಾಕಾಶ ಅಂದರೆ ಎತ್ತರ ಅಂತ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಎತ್ತರಕ್ಕೆ ಹೋಗುವುದು ಈ ಕೆಲಸದ ಸಣ್ಣ ಭಾಗ. ಉಪಗ್ರಹವನ್ನು ನೇರವಾಗಿ 550 ಕಿ.ಮೀ. ಮೇಲಕ್ಕೆ ಒಯ್ದು ಅಲ್ಲೇ ಬಿಟ್ಟರೆ ಅದು ವಾಪಸ್ ಕೆಳಗೆ ಬೀಳುತ್ತದೆ. ಅಲ್ಲೇ ಉಳಿಯಬೇಕಾದರೆ ಭೂಮಿಯ ಸುತ್ತ ಅಡ್ಡಡ್ಡ ಓಡಬೇಕು, ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ವೇಗದಲ್ಲಿ. ಆ ವೇಗದ ದೊಡ್ಡ ಪಾಲನ್ನು ಕೊಡುವುದು ಮೇಲ್ಹಂತದ ಒಂದೇ ಒಂದು ಎಂಜಿನ್.

ಈಗ ಲೆಕ್ಕ ನೋಡಿ. 8,000ಕ್ಕೂ 27,000ಕ್ಕೂ ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಆದರೆ ಶಕ್ತಿ ಏರುವುದು ವೇಗದ ವರ್ಗದಂತೆ. ಅಂದರೆ ಪ್ರತಿ ಕೆ.ಜಿ.ಗೆ ಸುಮಾರು ಹನ್ನೊಂದು ಪಟ್ಟು! ವಾಪಸ್ ಬರುವಾಗ ಅಷ್ಟನ್ನೂ ಕಳೆದುಕೊಳ್ಳಬೇಕು, ಅದೂ ಹೆಚ್ಚಾಗಿ ಶಾಖದ ರೂಪದಲ್ಲಿ. ಬರೀ 8,000ದ ಆಸುಪಾಸಿನಲ್ಲಿರುವ ಕೆಳಹಂತವೇ ದಟ್ಟ ಗಾಳಿಗೆ ನುಗ್ಗುವ ಮೊದಲು ಎಂಜಿನ್ ಉರಿಸಿ ವೇಗ ಇಳಿಸಿಕೊಳ್ಳುತ್ತದೆ. ಮೇಲ್ಹಂತಕ್ಕೆ ಶಾಖ ತಡೆಯುವ ಕವಚ ಬೇಕು, ಇಳಿಯಲು ಇಂಧನ ಬೇಕು, ಕಾಲು ಬೇಕು. ಎಲ್ಲಕ್ಕೂ ತೂಕವಿದೆ. ಕೆಳಹಂತಕ್ಕೆ ಒಂದು ಕೆ.ಜಿ. ಸೇರಿಸಿದರೆ ಹೊತ್ತೊಯ್ಯುವ ಉಪಗ್ರಹದಲ್ಲಿ ಅದರ ಸಣ್ಣ ಪಾಲು ಮಾತ್ರ ಕಡಿಮೆಯಾಗುತ್ತದೆ. ಮೇಲ್ಹಂತಕ್ಕೆ ಸೇರಿಸಿದರೆ ಪೂರ್ತಿ ಒಂದು ಕೆ.ಜಿ. ಹೋಯಿತು. ಸ್ಪೇಸ್‌ಎಕ್ಸ್ ಏನು ಇದನ್ನು ಯೋಚಿಸದೆ ಬಿಟ್ಟಿಲ್ಲ. ಯೋಚಿಸಿ, 2018ರಲ್ಲಿ ಕೈಬಿಟ್ಟು, ಎರಡೂ ಹಂತ ವಾಪಸ್ ಬರುವಂತೆ ಮೊದಲಿನಿಂದಲೇ ಯೋಚಿಸಿದ ಸ್ಟಾರ್‌ಶಿಪ್ ರಾಕೆಟ್ ಕಡೆ ಗಮನ ಕೊಟ್ಟಿತು.

ಹಾಗಾಗಿ ಫಾಲ್ಕನ್ 9ಕ್ಕೆ ಪ್ರತಿ ಸಲವೂ ಮೇಲ್ಹಂತ ಹೊಸದು. ಕೆಳಹಂತಗಳಲ್ಲಿ ಒಂದು 30ಕ್ಕೂ ಹೆಚ್ಚು ಸಲ ಹಾರಿದೆ. ಪ್ರತಿ ಸಲ ಇಳಿದ ಮೇಲೆ ಎಂಜಿನಿಯರುಗಳು ಮುಟ್ಟಿ, ಪರೀಕ್ಷಿಸಿ ನೋಡುತ್ತಾರೆ. ಮೇಲ್ಹಂತಕ್ಕೆ ಮೊದಲ ಹಾರಾಟವೇ ಕೊನೆಯದು. ಏನಾದರೂ ಎಡವಟ್ಟಾದರೆ ಕೈಗೆ ಸಿಗುವುದು ರೇಡಿಯೋದಲ್ಲಿ ಬಂದ ಅಂಕಿಗಳು ಮಾತ್ರ.

2024ರ ಜುಲೈ 11ರ ರಾತ್ರಿ ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಲ್ಲಿ ಆಗಿದ್ದು ಇದೇ. ಕೆಳಹಂತ ಸಲೀಸಾಗಿ ಹಡಗಿಗೆ ಇಳಿಯಿತು. ಮೇಲ್ಹಂತದಲ್ಲಿ ದ್ರವ ಆಮ್ಲಜನಕ ಸೋರಿ, ಎಂಜಿನ್ ಎರಡನೇ ಸಲ ಉರಿಯಬೇಕಾದಾಗ ಕೆಟ್ಟುಹೋಯಿತು. 20 ಸ್ಟಾರ್‌ಲಿಂಕ್ ಉಪಗ್ರಹಗಳು ಬಿಡುಗಡೆಯೇನೋ ಆದವು. ಆದರೆ ಅವುಗಳ ಕಕ್ಷೆಯ ಕೆಳತುದಿ ಕೇವಲ 135 ಕಿ.ಮೀ.ಗೆ ಬಂದಿತ್ತು. ಅಲ್ಲಿನ ಗಾಳಿ ಪ್ರತಿ ಸುತ್ತಿಗೂ ಹಿಡಿದು ಎಳೆಯುತ್ತದೆ. ಉಪಗ್ರಹದ ಪುಟ್ಟ ಎಂಜಿನ್ನಾದ ಅಯಾನ್ ಥ್ರಸ್ಟರ್ ತಳ್ಳುವ ಬಲ ತೀರಾ ಸಣ್ಣದು. ಎಲ್ಲವೂ ಉರಿದುಹೋದವು. ತನಿಖೆಯಲ್ಲಿ ಸಿಕ್ಕಿದ್ದು ಒತ್ತಡ ಅಳೆಯುವ ಸೆನ್ಸರ್‌ನ ಕೊಳವೆಯಲ್ಲಿ ಒಂದು ಬಿರುಕು. ಅದನ್ನು ಹಿಡಿದಿದ್ದ ಕ್ಲ್ಯಾಂಪ್ ಸಡಿಲವಾಗಿತ್ತು, ಎಂಜಿನ್ನಿನ ನಡುಕಕ್ಕೆ ಕೊಳವೆ ಸೀಳಿತು. ಮುಂದಿನ ಉಡಾವಣೆಗಳಿಗೆ ಆ ಸೆನ್ಸರನ್ನೇ ತೆಗೆದುಹಾಕಿದರು.

ಇದರ ಜೊತೆಗೇ ಇನ್ನೊಂದು ಮಾತು. ರಾಕೆಟ್ ಉಪಗ್ರಹವನ್ನು ಮನೆ ಬಾಗಿಲಿಗೆ ಬಿಡುವುದಿಲ್ಲ. ಸ್ಟಾರ್‌ಲಿಂಕ್‌ಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಪೇರಿಸಿರುತ್ತಾರೆ. ಮೇಲ್ಹಂತ ಮೆಲ್ಲಗೆ ತಿರುಗುತ್ತಾ ಬಿಗಿದ ಸರಳುಗಳನ್ನು ಬಿಡುತ್ತದೆ, ಇಡೀ ಕಟ್ಟು ಇಸ್ಪೀಟ್ ಎಲೆಗಳ ಹಾಗೆ ಹರಡಿಕೊಳ್ಳುತ್ತದೆ. ಅಲ್ಲಿಂದ ಮೇಲಕ್ಕೆ ಅವು ತಮ್ಮ ಥ್ರಸ್ಟರ್ ಮೇಲೇ ಏರಬೇಕು. ಕೆಳಗೇ ಬಿಡುವುದು ಬೇಕಂತಲೇ: ಯಾವುದಾದರೂ ಕೆಟ್ಟಿದ್ದರೆ ಬೇಗ ಬಿದ್ದು ಉರಿದುಹೋಗಲಿ, ಕಸವಾಗಿ ಉಳಿಯದಿರಲಿ ಅಂತ. ಅದಕ್ಕೂ ಬೆಲೆ ತೆರಬೇಕಾಗುತ್ತದೆ. 2022ರ ಫೆಬ್ರವರಿಯಲ್ಲಿ 49 ಉಪಗ್ರಹಗಳನ್ನು ಬಿಟ್ಟ ಕಕ್ಷೆಯ ಕೆಳತುದಿ ಸುಮಾರು 210 ಕಿ.ಮೀ.ನಲ್ಲಿತ್ತು. ಸೌರ ಚಟುವಟಿಕೆಯಿಂದ ಭೂಕಾಂತೀಯ ಬಿರುಗಾಳಿ ಎದ್ದು ಮೇಲಿನ ಗಾಳಿ ದಟ್ಟವಾಯಿತು, ಹೆಚ್ಚಿನವು ಮೇಲೇಳಲೇ ಇಲ್ಲ. ನಮ್ಮ ಇಸ್ರೋದ ಎಲ್‌ವಿಎಂ3 ರಾಕೆಟ್ ಕೂಡ 2023ರ ಮಾರ್ಚ್‌ನಲ್ಲಿ ಶ್ರೀಹರಿಕೋಟಾದಿಂದ ಇಂಟರ್ನೆಟ್ ಕಂಪನಿ ಒನ್‌ವೆಬ್‌ನ 36 ಉಪಗ್ರಹಗಳನ್ನು ಒಯ್ದಾಗ ಬಿಟ್ಟಿದ್ದು 450 ಕಿ.ಮೀ.ಯಲ್ಲಿ. ಅವು ಕೆಲಸ ಮಾಡುವುದು 1,200 ಕಿ.ಮೀ.ಯಲ್ಲಿ. ಇಷ್ಟೆಲ್ಲ ಹೇಳಿದ ಮೇಲೂ ಒಬ್ಬ ಹುಡುಗ ಥ್ರಸ್ಟರ್ ಇಲ್ಲದ ವಿನ್ಯಾಸ ತಂದು, "ಖರ್ಚು ಉಳಿಸಿದ್ದೀನಿ ಸರ್" ಅಂದ. ಪಾಪ, ರಾತ್ರಿಗಟ್ಟಲೆ ಕೂತು ಬಿಡಿಸಿದ್ದ. ಅವನ ಮುಂದೆಯೇ ಮೊದಲಿನಿಂದ ಲೆಕ್ಕ ಹಾಕಿದೆವು. ಮಧ್ಯಾಹ್ನದ ಊಟ ತಪ್ಪಿತು, ಆದರೆ ಅವನಿಗೆ ಅರ್ಥವಾಯಿತು.

ನಮ್ಮ ಚಳ್ಳಕೆರೆ ಬಳಿ ಇಸ್ರೋ ಇಳಿಸಿದ, ಮತ್ತೆ ಬಳಸಬಹುದಾದ ರೆಕ್ಕೆಯ ವಾಹನ 'ಪುಷ್ಪಕ್' ಬಗ್ಗೆಯೂ ಕೇಳುತ್ತಾರೆ. 2023 ಮತ್ತು 2024ರಲ್ಲಿ ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟಾಗ ಅದು ತಾನೇ ದಾರಿ ಹುಡುಕಿ ರನ್‌ವೇಗೆ ಇಳಿಯಿತು. ಒಳ್ಳೆಯ ಕೆಲಸ, ನನಗೆ ಹೆಮ್ಮೆಯಿದೆ. ಆದರೆ ಅದು ದಾರಿಯ ಕೊನೇ ತುಣುಕು. ಕಕ್ಷೆಯ ವೇಗದಿಂದ, ಆ ಹನ್ನೊಂದು ಪಟ್ಟು ಶಕ್ತಿಯನ್ನು ಕಳೆದುಕೊಂಡು ಬರುವ ಪರೀಕ್ಷೆ ಇನ್ನೂ ಮುಂದಿದೆ.

ಉಡಾವಣೆ ಖರೀದಿಸುವವರಿಗೆ ನಾನು ಹೇಳುವುದಿಷ್ಟು. ಕೆಳಹಂತ ಎಷ್ಟನೇ ಸಲ ಹಾರುತ್ತಿದೆ ಅಂತ ವಿಚಾರಿಸಿ, ತಪ್ಪಿಲ್ಲ. ಅದಕ್ಕಿಂತ ಮೊದಲು ಯಾವ ಕಕ್ಷೆಯಲ್ಲಿ ಬಿಡುತ್ತಾರೆ, ಎಷ್ಟು ಕಿ.ಮೀ. ಆಚೀಚೆ ಆದರೂ ಅದನ್ನು ಯಶಸ್ಸು ಅಂತ ಒಪ್ಪಂದ ಎಣಿಸುತ್ತದೆ ಅಂತ ಬರಹದಲ್ಲಿ ಕೇಳಿ. ಆ ಮಿತಿಯ ಕೆಳತುದಿಯಲ್ಲೇ ಬಿಟ್ಟರೂ ನಿಮ್ಮ ಥ್ರಸ್ಟರ್ ಮೇಲೆ ಏರಬಲ್ಲದಾ, ಎಷ್ಟು ವಾರ ಬೇಕು, ಎಷ್ಟು ಇಂಧನ ಉಳಿಯುತ್ತದೆ ಅಂತ ಲೆಕ್ಕ ಹಾಕಿಸಿ. ವಿಮೆಯವರೂ ಇದನ್ನೇ ಕೇಳುತ್ತಾರೆ.