ಕೀಮೋ ಶುರುವಾಗುವ ಮುಂಚೆ ಕೇಳಬೇಕಾದ ಪ್ರಶ್ನೆ

ಮೂವತ್ತರ ಆಸುಪಾಸಿನ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದರೆ ಮನೆಯವರಿಗೆಲ್ಲ ಒಂದೇ ಆತಂಕ: ಚಿಕಿತ್ಸೆ ಯಾವತ್ತಿನಿಂದ? ಸಹಜವೇ. ಆದರೆ ಆ ಗಡಿಬಿಡಿಯಲ್ಲಿ ಒಂದು ವಿಷಯ ಹಾಗೇ ಉಳಿದುಬಿಡುತ್ತದೆ. ಮುಂದೆ ಮಕ್ಕಳು ಬೇಕಾ?

ನಾನು ಇದನ್ನು ಕೇಳಿದಾಗ ಎಷ್ಟೋ ಸಲ ಉತ್ತರ ಬರುವುದು ಪಕ್ಕದಲ್ಲಿ ಕೂತವರಿಂದ. "ಈಗ್ಯಾಕೆ ಡಾಕ್ಟ್ರೇ ಆ ಮಾತು, ಮೊದಲು ಹುಷಾರಾಗಲಿ." ಆಕೆ ತಲೆ ತಗ್ಗಿಸಿ ಫೈಲಿನ ಅಂಚು ಮಡಚುತ್ತಾ ಕೂತಿರುತ್ತಾಳೆ. ಹಾಗಾಗಿ ಎಲ್ಲರನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಆಕೆಯನ್ನೊಬ್ಬಳನ್ನೇ ಕೇಳುತ್ತೇನೆ. ಮದುವೆಯಾಗದವರನ್ನೂ ಕೇಳುತ್ತೇನೆ. ಹುಷಾರಾದ ಮೇಲೆ ಕೇಳಿದರೆ ತಡವಾಗಿರಬಹುದು, ಅದಕ್ಕೇ ಈಗ.

ಹೆಣ್ಣು ಹುಟ್ಟುವಾಗಲೇ ಅಂಡಾಣುಗಳ ದಾಸ್ತಾನು ಜೊತೆಗೆ ಬಂದಿರುತ್ತದೆ, ಆಮೇಲೆ ಹೊಸದು ಸೇರುವುದಿಲ್ಲ. ಕೀಮೋದಲ್ಲಿ ಕೊಡುವ ಕೆಲವು ಔಷಧಿಗಳು, ಮುಖ್ಯವಾಗಿ ಸೈಕ್ಲೋಫಾಸ್ಫಮೈಡ್, ಅದನ್ನು ಬೇಗ ಬರಿದು ಮಾಡುತ್ತವೆ. ವಯಸ್ಸು ಹೆಚ್ಚಾದಷ್ಟೂ ನಷ್ಟ ಜಾಸ್ತಿ. ಮುಟ್ಟು ವಾಪಸ್ ಬಂದಿದೆ ಅಂದಮಾತ್ರಕ್ಕೆ ಎಲ್ಲ ಮೊದಲಿನಂತಿದೆ ಅಂತಲೂ ಅಲ್ಲ.

ಅದಕ್ಕೇ ಕೀಮೋಗೆ ಮೊದಲೇ ಅಂಡಾಣು ತೆಗೆದು, ಮುಂದೆ ಗರ್ಭಕ್ಕೆ ಬಳಸಲು ಫ್ರೀಜ್ ಮಾಡಿಡಬಹುದು. ಇದಕ್ಕೆ ಸುಮಾರು ಎರಡು ವಾರ ಸಾಕು. ಮುಟ್ಟಿಗಾಗಿ ಕಾಯಬೇಕಿಲ್ಲ, ಯಾವ ದಿನ ಬೇಕಾದರೂ ಅಂಡಾಣು ಬೆಳೆಸುವ ಇಂಜೆಕ್ಷನ್ ಶುರು ಮಾಡಬಹುದು. ಈಸ್ಟ್ರೋಜನ್ ಎಂಬ ಹಾರ್ಮೋನ್ ಏರದಂತೆ ಜೊತೆಗೆ ಲೆಟ್ರೋಜೋಲ್ ಮಾತ್ರೆ ಕೊಡುತ್ತಾರೆ. ಸ್ಕ್ಯಾನ್, ಬಯಾಪ್ಸಿ ರಿಪೋರ್ಟ್, ಜೀನ್ ಪರೀಕ್ಷೆ ಅಂತ ಹೇಗೂ ಓಡಾಡುವ ದಿನಗಳಲ್ಲೇ ಇದೂ ಮುಗಿಯುತ್ತದೆ. ಬಹಳಷ್ಟು ಜನರಲ್ಲಿ ಇಷ್ಟು ದಿನ ಕಾದರೆ ಚಿಕಿತ್ಸೆಗೆ ತೊಂದರೆ ಇಲ್ಲ. ಗಡ್ಡೆ ಬೇಗ ಬೆಳೆಯುತ್ತಿದ್ದರೆ ಲೆಕ್ಕ ಬೇರೆ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಫ್ರೀಜ್ ಮಾಡಿದ್ದಕ್ಕೆ ಮಗು ಖಂಡಿತ ಅನ್ನುವ ಗ್ಯಾರಂಟಿ ಇಲ್ಲ, ಅದನ್ನೂ ಬಾಯಿಬಿಟ್ಟೇ ಹೇಳುತ್ತೇನೆ. ಕೀಮೋ ನಡೆಯುವಾಗ ಅಂಡಾಶಯಕ್ಕೆ ವಿಶ್ರಾಂತಿ ಕೊಡುವ ಗೊಸೆರೆಲಿನ್ ಇಂಜೆಕ್ಷನ್ ಕೂಡ ಇದೆ. ಅದನ್ನು ಕೀಮೋಗೆ ಕನಿಷ್ಠ ಒಂದು ವಾರ ಮೊದಲೇ ಶುರು ಮಾಡಬೇಕು. ಅದು ಜೊತೆಗಿರಲಿ, ಫ್ರೀಜಿಂಗ್‌ಗೆ ಬದಲಿಯಲ್ಲ.

ಹಾರ್ಮೋನ್ ಪಾಸಿಟಿವ್, ಅಂದರೆ ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರ್ ಇರುವವರಿಗೆ ಇನ್ನೊಂದು ತೊಡಕು. ಆ ಹಾರ್ಮೋನನ್ನು ತಡೆಯುವ ಟಾಮಾಕ್ಸಿಫೆನ್‌ನಂಥ ಮಾತ್ರೆಯನ್ನು ಐದರಿಂದ ಹತ್ತು ವರ್ಷ ನುಂಗಬೇಕು. ಅಷ್ಟು ಕಾದರೆ ವಯಸ್ಸು ಮೀರಿರುತ್ತದೆ, ಅಲ್ವಾ? 2023ರಲ್ಲಿ ಪ್ರಕಟವಾದ ಪಾಸಿಟಿವ್ ಎಂಬ ಅಧ್ಯಯನ ಇದನ್ನೇ ನೋಡಿತು. 42 ವರ್ಷದೊಳಗಿನ ಸುಮಾರು 500 ಮಹಿಳೆಯರು 18ರಿಂದ 30 ತಿಂಗಳು ಮಾತ್ರೆ ತೆಗೆದುಕೊಂಡು, ಗರ್ಭ ಧರಿಸಲೆಂದು ಎರಡು ವರ್ಷದವರೆಗೆ ನಿಲ್ಲಿಸಿದರು. ಮೊದಲ ಕೆಲವು ವರ್ಷಗಳಲ್ಲಿ ಕ್ಯಾನ್ಸರ್ ಮರುಕಳಿಸಿದ ಪ್ರಮಾಣ ಹೆಚ್ಚಾಗಲಿಲ್ಲ. ಅದರಲ್ಲಿದ್ದವರು ಹೆಚ್ಚಾಗಿ ಆರಂಭಿಕ ಹಂತದವರು. ಹಾಗಾಗಿ ಎಲ್ಲರಿಗೂ ಇದೇ ಸರಿ ಅನ್ನಲಾಗದು. ಮಗುವಾದ ಮೇಲೆ ಮಾತ್ರೆ ಮತ್ತೆ ಶುರು ಮಾಡುವುದೂ ಅಷ್ಟೇ ಮುಖ್ಯ, ಎದೆಹಾಲಿನ ಸಂಭ್ರಮದಲ್ಲಿ ಮರೆತು ಬಿಡುವವರಿದ್ದಾರೆ.

ಒಂದು ಮಾತು ಎಲ್ಲರಿಗೂ ಹೇಳುವುದಿದೆ. ಚಿಕಿತ್ಸೆಯಲ್ಲಿ ಮುಟ್ಟು ನಿಂತರೂ ಗರ್ಭಿಣಿಯಾಗಬಹುದು. ಟಾಮಾಕ್ಸಿಫೆನ್ ನುಂಗುವಾಗ ಗರ್ಭವಾದರೆ ಮಗುವಿಗೆ ಅಪಾಯ. ಗರ್ಭನಿರೋಧಕ ಮಾತ್ರೆಯಲ್ಲಿ ಹಾರ್ಮೋನ್ ಇರುವುದರಿಂದ ಅದು ಬೇಡ. ಕಾಪರ್-ಟಿ ಅಥವಾ ಕಾಂಡೋಮ್ ಬಳಸಿ. ಮಗು ಬೇಕೆನಿಸಿದಾಗ ಕ್ಯಾನ್ಸರ್ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಟಾಮಾಕ್ಸಿಫೆನ್ ನಿಲ್ಲಿಸಿದ ಮೇಲೂ ಕನಿಷ್ಠ ಮೂರು ತಿಂಗಳು ಬಿಟ್ಟೇ ಪ್ರಯತ್ನಿಸಬೇಕು, ಹಾಗಾಗಿ ಮೊದಲೇ ಬಂದು ಮಾತಾಡಿ.