ತುಂತುರನ್ನೇ ನಂಬಿದ್ದ ನೆಲಗಪ್ಪೆ

ತಾಂಜಾನಿಯಾದ ಉಡ್ಜುಂಗ್ವಾ ಬೆಟ್ಟಸಾಲಿನಲ್ಲಿ ಕಿಹಾನ್ಸಿ ಎಂಬ ಕಮರಿಯಿದೆ. ಅಲ್ಲಿನ ಹಳದಿ ನೆಲಗಪ್ಪೆಯಲ್ಲಿ ದೊಡ್ಡ ಹೆಣ್ಣು ಕೂಡ ಮೂರು ಸೆಂಟಿಮೀಟರ್ ದಾಟುವುದಿಲ್ಲ. ಅದು ನೀರಲ್ಲಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ! ಗೊದಮೊಟ್ಟೆಯ ಹಂತವೆಲ್ಲ ತಾಯಿಯ ಹೊಟ್ಟೆಯಲ್ಲೇ ಮುಗಿದು, ಪೂರ್ತಿ ಕಪ್ಪೆಯಾಗಿಯೇ ಹೊರಬರುತ್ತದೆ. ಇಡೀ ಭೂಮಿಯಲ್ಲಿ ಅದಕ್ಕಿದ್ದ ಜಾಗ ಸುಮಾರು ಐದು ಎಕರೆ.

ಯಾಕೆಂದರೆ ಜಲಪಾತದ ತುಂತುರು ಸದಾ ಬೀಳುತ್ತಿದ್ದದ್ದು ಅಷ್ಟೇ ಜಾಗದಲ್ಲಿ. ಕಾವೇರಿ ತುಂಬಿದಾಗ ಗಗನಚುಕ್ಕಿ ನೋಡಿದ ಮಂಡ್ಯದವರಿಗೆ ಅದು ಎಂಥ ತುಂತುರು ಅಂತ ಹೇಳಬೇಕಿಲ್ಲ, ಅಲ್ವಾ? 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟ ಸೀಮೆ ನಮ್ಮದು. ಹಾಗಾಗಿ ಕರೆಂಟ್‌ಗಾಗಿ ಕಿಹಾನ್ಸಿ ನದಿಗೆ ಕಟ್ಟಿದ ಅಣೆಕಟ್ಟನ್ನು ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಆ ದೇಶಕ್ಕೂ ಕರೆಂಟ್ ಬೇಕಿತ್ತು. ಆದರೆ ಈ ಕಪ್ಪೆಯು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1996ರಲ್ಲಿ, ಅಣೆಕಟ್ಟಿನ ಕೆಲಸ ಶುರುವಾದ ಮೇಲೆ. ಹುಡುಕಾಟ ಮೊದಲೇ ಆಗಬೇಕಿತ್ತು.

2000ದ ಹೊತ್ತಿಗೆ ನದಿಯ ಶೇಕಡ 90ರಷ್ಟು ನೀರು ವಿದ್ಯುತ್ ಕೇಂದ್ರದ ಕಡೆ ತಿರುಗಿತು. ತುಂತುರು ನಿಂತಿತು. ಅದೇ ಡಿಸೆಂಬರಿನಲ್ಲಿ 499 ಕಪ್ಪೆಗಳನ್ನು ಅಮೆರಿಕಕ್ಕೆ, ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ ಒಯ್ದರು. ಇತ್ತ ಕಮರಿಯಲ್ಲಿ ಪೈಪ್ ಎಳೆದು ಸ್ಪ್ರಿಂಕ್ಲರ್ ಹಾಕಿದರು. ಅದು ಕೆಲಸಕ್ಕೂ ಬಂತು. 2003ರ ಜೂನ್ ಹೊತ್ತಿಗೆ ಕಮರಿಯಲ್ಲಿ ಸುಮಾರು 20,000 ಕಪ್ಪೆಗಳಿದ್ದವು.

ಆಮೇಲೆ ಕೆಲವೇ ತಿಂಗಳಲ್ಲಿ ಎಲ್ಲ ಕುಸಿಯಿತು. 2004ರ ಜನವರಿಯಲ್ಲಿ ಕಣ್ಣಿಗೆ ಕಂಡದ್ದು ಬರೀ ಮೂರು. ಸತ್ತ ಕಪ್ಪೆಗಳ ಮೈಯಲ್ಲಿ ಕಿಟ್ರಿಡ್ ಎಂಬ ಶಿಲೀಂಧ್ರ ಸಿಕ್ಕಿತು. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಉಸಿರಾಡುತ್ತದೆ, ಮೈಯ ಲವಣಗಳನ್ನೂ ಹದದಲ್ಲಿಡುತ್ತದೆ. ಈ ಶಿಲೀಂಧ್ರ ಹಿಡಿಯುವುದು ಆ ಚರ್ಮವನ್ನೇ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕಡಿಮೆಯಾಗುತ್ತವೆ, ಕೊನೆಗೆ ಹೃದಯ ನಿಲ್ಲುತ್ತದೆ. ಅಣೆಕಟ್ಟಿನ ಹೂಳು ಹೊರಬಿಟ್ಟಾಗ ಬಂದ ಕೀಟನಾಶಕದ ಮೇಲೂ ಅನುಮಾನವಿದೆ. 2009ರಲ್ಲಿ, ಅಳಿವಿನಂಚಿನ ಜೀವಿಗಳ ಪಟ್ಟಿ ಇಡುವ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ಕಪ್ಪೆ ಕಾಡಿನಲ್ಲಿ ಅಳಿದಿದೆ ಎಂದು ಘೋಷಿಸಿತು.

ಮೃಗಾಲಯದಲ್ಲೂ ಒಂದು ಹಂತದಲ್ಲಿ ನೂರಕ್ಕಿಂತ ಕಡಿಮೆ ಉಳಿದಿದ್ದವು. ಬ್ರಾಂಕ್ಸ್ ಮತ್ತು ಟೊಲೀಡೊ ಮೃಗಾಲಯಗಳವರು ಬೆಳಕು, ತೇವ, ಆಹಾರ ಎಲ್ಲದರ ಹದ ಕಲಿತು ಅವನ್ನು ಸಾವಿರಾರು ಮಾಡಿದರು. ಈ ತಾಳ್ಮೆಯ ಕೆಲಸಕ್ಕೆ ಎಷ್ಟು ಮೆಚ್ಚಿದರೂ ಸಾಲದು. 2012ರಲ್ಲಿ ಕಪ್ಪೆಗಳು ಕಿಹಾನ್ಸಿಗೆ ವಾಪಸ್ ಹೋದವು. ಆಮೇಲೂ ಕಂತು ಕಂತಾಗಿ ಬಿಡುತ್ತಾ ಬಂದರು. ತುಂತುರನ್ನು ಪೈಪಿನಿಂದ ಕೊಡಬಹುದು, ಆದರೆ ಕಿಟ್ರಿಡ್ ಅನ್ನು ಕಮರಿಯಿಂದ ತೊಳೆದುಹಾಕುವ ದಾರಿ ಯಾರಿಗೂ ಸಿಕ್ಕಿಲ್ಲ. ಅದಕ್ಕೇ ಮೃಗಾಲಯದ ತೊಟ್ಟಿಗಳಲ್ಲಿ ಒಂದಷ್ಟು ಕಪ್ಪೆಗಳನ್ನು ಈಗಲೂ ಸಾಕಬೇಕಾಗಿದೆ.