ಮರುಕಳಿಕೆ

ಬಿಟ್ಟ ಜ್ವರ ಎರಡು ದಿನ ಕಳೆದು ಮತ್ತೆ ಬಂದರೆ ‘ಮರುಕಳಿಸಿತು’ ಎನ್ನುತ್ತೇವೆ. ಕುಡಿತ ಬಿಟ್ಟವನು ಮತ್ತೆ ಕುಡಿದರೆ ಈ ಕ್ರಿಯಾಪದ ನಮ್ಮ ನಾಲಿಗೆಗೆ ಬರುವುದಿಲ್ಲ. ‘ಆಣಿ ಮುರದ’ ಎನ್ನುತ್ತೇವೆ, ಕೊರಳಲ್ಲಿ ತುಳಸಿಮಾಲೆ ಇದ್ದವನಾದರೆ ‘ಮಾಳಿ ಹಾಕ್ಕೊಂಡೂ ಕುಡದ’ ಎಂದು ಇನ್ನೊಂದು ಮಾತು ಸೇರಿಸುತ್ತೇವೆ. ಪಂಢರಪುರದ ವಿಠ್ಠಲನ ಮಾಲೆ ಧರಿಸಿದವರು ಮದ್ಯಮಾಂಸ ಮುಟ್ಟಬಾರದೆಂಬ ನಿಯಮ ಬಾಗಲಕೋಟೆ, ವಿಜಯಪುರದ ಕಡೆ ಎಷ್ಟೋ ಮನೆಗಳಿಗೆ ಆಸರೆಯಾಗಿದೆ, ಅದನ್ನು ಹಗುರಾಗಿ ಕಾಣಲಾರೆ. ಆದರೆ ವ್ಯಾಕರಣವನ್ನು ಗಮನಿಸಿ: ಜ್ವರ ಮರುಕಳಿಸಿದಾಗ ಕರ್ತೃ ಜ್ವರ, ಆಣೆ ಮುರಿದಾಗ ಕರ್ತೃ ಮನುಷ್ಯ. ಅದಕ್ಕೇ ಮೊದಲನೆಯದಕ್ಕೆ ದವಾಖಾನೆಗೆ ಓಡುವ ಮನೆಯವರು ಎರಡನೆಯದಕ್ಕೆ ಹಿರಿಯರನ್ನು ಕೂಡಿಸುತ್ತಾರೆ.

ವ್ಯಸನ ಚಿಕಿತ್ಸೆಯಲ್ಲಿ ‘ಮರುಕಳಿಕೆ’ ಎಂದರೆ ಬಿಟ್ಟಿದ್ದ ಹಳೆಯ ಕುಡಿತದ ಕ್ರಮಕ್ಕೇ ಮರಳುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ 1980ರ ದಶಕದಲ್ಲಿ ಇದಕ್ಕೂ ಒಂದು ಸಲ ಎಡವುವುದಕ್ಕೂ ನಡುವೆ ಗೆರೆ ಎಳೆದರು. ಎಡವಿದವನನ್ನು ಮರುಕಳಿಕೆಗೆ ನೂಕುವುದರಲ್ಲಿ ‘ಹೆಂಗೂ ಕೆಟ್ಟೇನಿ, ಇನ್ನೇನೈತಿ’ ಎಂಬ ನಾಚಿಕೆಯ ಪಾತ್ರ ದೊಡ್ಡದೆಂಬುದು ಅವರ ವಿವರಣೆ. ಆಣೆ ದೊಡ್ಡದಾದಷ್ಟೂ ಈ ನಾಚಿಕೆಯೂ ದೊಡ್ಡದಾಗುತ್ತದೆಂದು ನನಗನ್ನಿಸುತ್ತದೆ.

ಮರುಕಳಿಕೆ ಬಾಟಲಿಗಿಂತ ಮೊದಲೇ ಶುರುವಾಗಿರುತ್ತದೆ. ಮುಧೋಳದ ಕಡೆ ಕುಡಿತ ಬಿಟ್ಟವನೊಬ್ಬನ ಮನೆಯನ್ನು ಊಹಿಸಿಕೊಳ್ಳಿ: ಕಬ್ಬಿನ ಬಿಲ್ಲು ಖಾತೆಗೆ ಜಮೆಯಾದ ಸಂದೇಶ ಮೊಬೈಲಿಗೆ ಬಂದಿದೆ, ಮೂರು ದಿನದಿಂದ ಗುಳಿಗೆಯ ಪಟ್ಟಿ ಹಾಗೆಯೇ ಇದೆ, ರಾತ್ರಿ ನಿದ್ದೆಯಿಲ್ಲ, ಪಲ್ಯಕ್ಕೆ ಉಪ್ಪು ಕಡಿಮೆಯೆಂದು ಗಂಗಾಳ ಸರಿಸಿ ಎದ್ದಿದ್ದಾನೆ, ಹಳೆಯ ಗೆಳೆಯನ ಬೈಕು ಬಾಗಿಲಲ್ಲಿ ನಿಂತಿದೆ. ಹೆಂಡತಿ ಅವನು ಮರಳಿದ ಮೇಲೆ ಬಾಯಿ ಮೂಸಿ ನೋಡುವುದಕ್ಕಿಂತ, ಗುಳಿಗೆ ಉಳಿದ ದಿನವೇ ‘ಯಾಕ, ಮನಸ್ಸಿಗೆ ಹೆಂಗ ಅನಸಾಕತ್ತೈತಿ?’ ಎಂದು ಕೇಳಿದರೆ ಕೆಲಸವಾಗುವ ಸಂಭವ ಹೆಚ್ಚು. ಹಾಗೆಂದು ಕಾಯಿಲೆ ಎಂದಾಕ್ಷಣ ಅವನ ಹೊಣೆ ಕಳಚುವುದಿಲ್ಲ: ಅಂಗಡಿಯ ಉದ್ರಿಯನ್ನು ಮನೆಯವರು ತೀರಿಸಬೇಕಿಲ್ಲ, ಹೊಡೆತವನ್ನಂತೂ ಯಾವ ಪದದ ಹೆಸರಿನಲ್ಲೂ ಸಹಿಸಬೇಕಿಲ್ಲ.

ಮರುಕಳಿಸಿದಾಗ ಕೋಣೆಯಲ್ಲಿ ಕೂಡಿಹಾಕುವ ಪದ್ಧತಿ ಅಪಾಯಕಾರಿ. ದಿನವೂ ವಿಪರೀತ ಕುಡಿಯುತ್ತಿದ್ದವನು ಥಟ್ಟನೆ ನಿಲ್ಲಿಸಿದರೆ ಎರಡು–ಮೂರು ದಿನಗಳೊಳಗೆ ನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬರಬಹುದು. ಅದು ಆಸ್ಪತ್ರೆಯ ಕೆಲಸ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಕೇಳಬಹುದು. ಇನ್ನು, ಅವನಿಗೆ ತಿಳಿಯದಂತೆ ಸಾರಿನಲ್ಲಿ ಗುಳಿಗೆ ಕಲಸುವವರಿದ್ದಾರೆ. ಆ ಗುಳಿಗೆ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಆಗಿದ್ದರೆ, ಮೇಲೆ ಕುಡಿದವನಿಗೆ ಎದೆಬಡಿತ ಏರಿ, ರಕ್ತದೊತ್ತಡ ಕುಸಿದು ಜೀವಕ್ಕೇ ಎರವಾಗಬಹುದು. ನಿಲ್ಲಿಸಿದ ಮೇಲೂ ಅದರ ಪ್ರಭಾವ ಎರಡು ವಾರಗಳವರೆಗೆ ಉಳಿಯಬಲ್ಲುದಾದ್ದರಿಂದ, ಕೊನೆಯ ಪಕ್ಷ ನುಂಗುವವನಿಗೆ ಅದು ಗೊತ್ತಿರಲೇಬೇಕು.